ಹೊಲ ಬಿಡುವ ಹಕ್ಕು

2020ರ ಕೊರೋನಾ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಹೋಗುತ್ತಿದ್ದ ಎಷ್ಟೋ ಕೂಲಿಕಾರರ ಜೇಬಿನಲ್ಲಿ ಮಾಲೀಕರು ಕೊಟ್ಟ ಪತ್ರವೊಂದು ಇರುತ್ತಿತ್ತು. ಇವರು ಅತ್ಯಗತ್ಯ ಕೆಲಸಗಾರರು, ಓಡಾಡಲು ಬಿಡಿ ಎಂಬುದು ಅದರ ಸಾರ. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ಲೆಟಿಸ್ ಕೊಯ್ದವರು, ಸ್ಟ್ರಾಬೆರಿ ಬಿಡಿಸಿದವರು ಇವರೇ. ಆದರೆ ಸರ್ಕಾರದ ವಲಸೆ ಅಧಿಕಾರಿಗಳ ಲೆಕ್ಕದಲ್ಲಿ ಇವರಲ್ಲಿ ಅನೇಕರು ದೇಶದಿಂದ ಹೊರಹಾಕಬೇಕಾದವರು. ಅಮೆರಿಕದಲ್ಲಿ ಬೆಳೆ ಕೆಲಸ ಮಾಡುವ ಹತ್ತು ಜನರಲ್ಲಿ ಸುಮಾರು ನಾಲ್ವರ ಬಳಿ ಕಾಗದಪತ್ರವಿಲ್ಲ ಎಂದು ಅಲ್ಲಿನ ಕಾರ್ಮಿಕ ಇಲಾಖೆಯ ಸಮೀಕ್ಷೆಯೇ ಹೇಳುತ್ತದೆ.

ಈ ವಿಷಯವನ್ನು ಎರಡು ಪಾಲು ಮಾಡಿ ಚರ್ಚಿಸುವುದು ಅಲ್ಲಿನ ವಾಡಿಕೆ. ಕೂಲಿ, ನೆರಳು, ಕುಡಿಯುವ ನೀರು, ಸಂಘ ಕಟ್ಟುವ ಹಕ್ಕು ಒಂದು ಕಡೆ. ಗಡಿ, ವೀಸಾ, ಗ್ರೀನ್ ಕಾರ್ಡ್ ಇನ್ನೊಂದು ಕಡೆ. ನನಗೆ ಇವೆರಡೂ ಒಂದೇ ಎನಿಸುತ್ತದೆ. ‘ನಾಳೆಯಿಂದ ಬರೋದಿಲ್ಲ’ ಎಂದು ಮೇಸ್ತ್ರಿಯ ಮುಖಕ್ಕೆ ಹೇಳಿ ಹೋಗಬಲ್ಲವನಿಗೆ ಮಾತ್ರ ಉಳಿದ ಹಕ್ಕುಗಳು ದಕ್ಕುತ್ತವೆ.

ಕಾನೂನು ಮೊದಲಿನಿಂದಲೂ ಇವರನ್ನು ಹೊರಗಿಟ್ಟೇ ಬಂದಿದೆ. ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ಕಾಯ್ದೆಯಲ್ಲಿ ಹೊಲದ ಕೆಲಸದವರಿಗೂ ಮನೆಗೆಲಸದವರಿಗೂ ಜಾಗವಿರಲಿಲ್ಲ. ಕನಿಷ್ಠ ಕೂಲಿ, ಓವರ್‌ಟೈಮ್ ಕೊಟ್ಟ 1938ರ ಕಾಯ್ದೆಯೂ ಹೊಲವನ್ನು ಬಿಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಆಗ ಈ ಕೆಲಸಗಳಲ್ಲಿ ಕಪ್ಪು ಜನರೇ ತುಂಬಿದ್ದರು. ಅವರನ್ನು ದೂರವಿಡಲೆಂದೇ ಹೀಗೆ ಮಾಡಿದರೆಂದು ಅನೇಕ ಇತಿಹಾಸಕಾರರು ಬರೆದಿದ್ದಾರೆ. ಕನಿಷ್ಠ ಕೂಲಿ 1966ರ ತಿದ್ದುಪಡಿಯಿಂದ ಒಂದಷ್ಟು ಮಂದಿಗೆ ಸಿಕ್ಕಿತು. ಓವರ್‌ಟೈಮ್ ಕೇಂದ್ರದ ಕಾನೂನಿನಲ್ಲಿ ಇವತ್ತಿಗೂ ಇಲ್ಲ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳು ಮಾತ್ರ ತಾವೇ ಕೊಟ್ಟಿವೆ.

ಹಕ್ಕಿಲ್ಲದ ಕಡೆ ಕೂಲಿಯ ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ಫ್ಲಾರಿಡಾದ ಇಮ್ಮೊಕಲಿಯ ಟೊಮ್ಯಾಟೊ ಬಕೆಟ್ ನೋಡಬೇಕು. ತುಂಬಿದರೆ 32 ಪೌಂಡ್, ಅಂದರೆ ಹದಿನಾಲ್ಕು ಕಿಲೊಗೂ ಮಿಕ್ಕಿ ತೂಕ. ಬಗ್ಗಿ ಕಾಯಿ ಕಿತ್ತು ತುಂಬಿಸಿ, ಹೆಗಲಿಗೇರಿಸಿಕೊಂಡು ಲಾರಿಯ ತನಕ ಓಡಿ, ಮೇಲೆ ನಿಂತವನ ಕೈಗೆ ಎಸೆಯಬೇಕು. ಒಂದು ಬಕೆಟ್‌ಗೆ ಸಿಗುತ್ತಿದ್ದುದು ಅರ್ಧ ಡಾಲರಿನ ಆಸುಪಾಸು. ಕಂಠದವರೆಗೆ ತುಂಬಿಸಿದರೆ ಮೇಸ್ತ್ರಿ ಒಪ್ಪುತ್ತಿರಲಿಲ್ಲ. ಮೇಲೆ ಗೋಪುರ ಬರಬೇಕು. ಆ ಗೋಪುರದ ಕಾಯಿ ಪುಕ್ಕಟೆ. ದಿನವೊಂದಕ್ಕೆ ಹೀಗೆ ನೂರಾರು ಕಿಲೊ ಕೂಲಿಯಿಲ್ಲದೆ ಹೋದರೂ ತುಟಿ ಬಿಚ್ಚುವಂತಿರಲಿಲ್ಲ. ಇಮ್ಮೊಕಲಿಯ ಕಾರ್ಮಿಕರ ಒಕ್ಕೂಟ 2001ರಲ್ಲಿ ಟಾಕೊ ಬೆಲ್ ವಿರುದ್ಧ ಬಹಿಷ್ಕಾರ ಹೂಡಿ, ಪೌಂಡಿಗೆ ಒಂದು ಸೆಂಟ್ ಹೆಚ್ಚು ಕೊಡಿಸಿದ್ದು 2005ರಲ್ಲಿ. ಮುಂದೆ ಅದೇ ದಾರಿಯಲ್ಲಿ ದೊಡ್ಡ ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದಗಳಿಂದ ಗೋಪುರ ತುಂಬಿಸುವುದು ನಿಂತಿತು. ಕೂಲಿ ಹೆಚ್ಚಿಸಿದರೆ ತರಕಾರಿ ಕೊಳ್ಳೋಕಾಗಲ್ಲ ಎನ್ನುವವರು ಆ ಒಂದು ಸೆಂಟನ್ನು ನೆನಪಿಟ್ಟುಕೊಳ್ಳಲಿ.

ಹಾಗಾದರೆ ಕಾಗದಪತ್ರ ಸರಿಯಿದ್ದು ಬಂದವರ ಪಾಡೇನು? ಎಚ್-2ಎ ಎಂಬ ಹಂಗಾಮಿ ವೀಸಾದಡಿ 2023ರಲ್ಲಿ 3.7 ಲಕ್ಷಕ್ಕೂ ಹೆಚ್ಚು ಹುದ್ದೆಗಳಿಗೆ ಅನುಮತಿ ಸಿಕ್ಕಿದೆ. ಮಾಲೀಕ ವಸತಿ ಕೊಡಬೇಕು, ಬಸ್ ಖರ್ಚು ಕೊಡಬೇಕು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ವೀಸಾ ಆ ಮಾಲೀಕನಿಗೇ ಕಟ್ಟಿದ್ದು. ಕೆಲಸ ಬಿಟ್ಟು ಬೇರೆ ಮಾಲೀಕ ಸಿಗದಿದ್ದರೆ ಊರಿಗೆ ವಾಪಸ್, ಊರಲ್ಲಿ ಏಜೆಂಟನಿಗೆ ಕೊಡಲು ಮಾಡಿದ ಸಾಲ ಹಾಗೇ. ಜಾರ್ಜಿಯಾದಲ್ಲಿ 2021ರಲ್ಲಿ ಬಯಲಾದ ಪ್ರಕರಣದ ದೋಷಾರೋಪ ಪಟ್ಟಿ ಓದಿದರೆ ಮೈ ಉರಿಯುತ್ತದೆ: ಬರಿಗೈಯಲ್ಲಿ ಈರುಳ್ಳಿ ಅಗೆಸಿ ಬಕೆಟ್‌ಗೆ 20 ಸೆಂಟ್ ಕೊಡುತ್ತಿದ್ದರಂತೆ, ಬಂದೂಕು ತೋರಿಸಿ ಹೆದರಿಸುತ್ತಿದ್ದರಂತೆ, ಗುರುತಿನ ಚೀಟಿ ಕಿತ್ತಿಟ್ಟುಕೊಂಡಿದ್ದರಂತೆ. ನಮ್ಮ ಕಡೆ ಇದಕ್ಕೆ ಜೀತ ಅಂತಾರೆ. ಅಲ್ಲಿಗೆ ಅವರನ್ನು ಕರೆಸಿದ್ದು ಇದೇ ವೀಸಾದ ಹೆಸರಿನಲ್ಲಿ.

ಸ್ಯಾನ್ ಹೊಸೆಯ ಸಾಫ್ಟ್‌ವೇರ್ ಕನ್ನಡಿಗರಿಗೆ ಈ ಕಟ್ಟು ಗೊತ್ತಿಲ್ಲದ್ದೇನಲ್ಲ. ಎಚ್-1ಬಿ ಕೂಡ ಕಂಪನಿಯ ಹೆಸರಲ್ಲೇ ಬರುತ್ತದೆ. ಆದರೆ 2000ದ ಕಾಯ್ದೆಯಿಂದ ಅವರು ಕಂಪನಿ ಬದಲಾಯಿಸುವುದು ಸಲೀಸಾಯಿತು. ವೀಸಾದಲ್ಲಿದ್ದೇ ಗ್ರೀನ್ ಕಾರ್ಡ್ ಸಾಲಿನಲ್ಲೂ ನಿಲ್ಲಬಹುದು. ಅಲ್ಲಿಂದ ಒಂದು ಗಂಟೆ ದಾರಿಯ ಸಲೀನಾಸ್ ಕಣಿವೆಯಲ್ಲಿ ಲೆಟಿಸ್ ಕೊಯ್ಯುವ ಎಚ್-2ಎ ಕೂಲಿಗೆ ಇವೆರಡೂ ಅಷ್ಟು ಸಲೀಸಲ್ಲ.

ಗಡಿ ಬಿಗಿ ಮಾಡಿದರೆ ಸ್ಥಳೀಯರ ಕೂಲಿ ತಾನೇ ಏರುತ್ತದೆ ಎಂಬ ವಾದವನ್ನು ಚರಿತ್ರೆ ಪರೀಕ್ಷೆಗೆ ಒಡ್ಡಿಯಾಗಿದೆ. 1942ರಿಂದ ಮೆಕ್ಸಿಕೊದ ಕೂಲಿಗಳನ್ನು ಕರೆಸುತ್ತಿದ್ದ ಬ್ರಸೆರೊ ಯೋಜನೆಯನ್ನು 1964ರ ಕೊನೆಗೆ ನಿಲ್ಲಿಸಿದಾಗ ಕ್ಯಾಲಿಫೋರ್ನಿಯಾದ ಟೊಮ್ಯಾಟೊ ಬೆಳೆಗಾರರು ಸ್ಥಳೀಯರಿಗೆ ಕೂಲಿ ಏರಿಸಿ ಕರೆಯಲಿಲ್ಲ, ಕೊಯ್ಲಿನ ಯಂತ್ರ ತಂದರು. ಅದೇ ಹೊತ್ತಿಗೆ, 1965ರಲ್ಲಿ, ಡೆಲಾನೊದಲ್ಲಿ ದ್ರಾಕ್ಷಿ ಕೊಯ್ಯುವ ಫಿಲಿಪಿನೊ ಕೂಲಿಕಾರರು ಲ್ಯಾರಿ ಇಟ್ಲಿಯಾಂಗ್ ಮುಂದಾಳ್ತನದಲ್ಲಿ ಕೆಲಸ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಸೀಸರ್ ಚಾವೆಜ್, ಡೊಲೊರೆಸ್ ಹುವೆರ್ಟಾ ಅವರ ಮೆಕ್ಸಿಕನ್ ಸಂಘಟನೆ ಸೇರಿಕೊಂಡಿತು. ಕೂಲಿ ಏರಿದ್ದು ಐದು ವರ್ಷದ ಆ ಹೋರಾಟದಿಂದ. ಆದರೆ ಅದೇ ಸಂಘ 1974ರಲ್ಲಿ, ಮುಷ್ಕರ ಮುರಿಯಲು ಬಂದ ಕಾಗದಪತ್ರವಿಲ್ಲದವರನ್ನು ಹಿಡಿದುಕೊಡುವ ಅಭಿಯಾನ ನಡೆಸಿತು. ಬಡವರನ್ನು ಬಡವರ ಮೇಲೆ ಎತ್ತಿಕಟ್ಟುವ ಮಾಲೀಕರ ಆಟಕ್ಕೆ ಹೋರಾಟಗಾರರೂ ಬಿದ್ದ ಆ ಅಧ್ಯಾಯವನ್ನು ಮುಚ್ಚಿಡುವುದು ಬೇಡ.

ಕೂಲಿಯ ಹಕ್ಕು ಬಿಟ್ಟು ಬರೀ ಕಾಗದಪತ್ರ ಕೊಟ್ಟರೆ ಏನಾಗುತ್ತದೆ? ರೇಗನ್ ಕಾಲದ 1986ರ ಕಾಯ್ದೆ ಹತ್ತು ಲಕ್ಷಕ್ಕೂ ಹೆಚ್ಚು ಹೊಲದ ಕೆಲಸದವರನ್ನು ಕಾನೂನುಬದ್ಧರನ್ನಾಗಿಸಿತು. ಕಾಲಕ್ರಮೇಣ ಅವರಲ್ಲಿ ಅನೇಕರು ಹೊಲ ಬಿಟ್ಟರು. ಬೆಳೆಗಾರರು ಇದನ್ನು ಸುಧಾರಣೆಯ ಸೋಲು ಎನ್ನುತ್ತಾರೆ. ಅಲ್ಲ ಸ್ವಾಮಿ, ಬಾಗಿಲು ತೆರೆದ ಕೂಡಲೇ ಜನ ಎದ್ದು ಹೋದರೆ ತಪ್ಪು ಬಾಗಿಲಿನದಲ್ಲ.

ಜನ ಹೊಲ ಬಿಟ್ಟಾರೆಂಬ ಭಯದಿಂದಲೇ ಹುಟ್ಟಿದ್ದು 2019ರಲ್ಲೂ 2021ರಲ್ಲೂ ಕೆಳಮನೆ ಪಾಸು ಮಾಡಿ, ಸೆನೆಟ್‌ನಲ್ಲಿ ನಿಂತುಹೋದ ಕೃಷಿ ಕಾರ್ಮಿಕರ ಮಸೂದೆ. ಹೊಲದಲ್ಲಿ ದುಡಿದವರಿಗೆ ಮೊದಲು ತಾತ್ಕಾಲಿಕ ರಕ್ಷಣೆ, ಆಮೇಲೆ ಇನ್ನೂ ನಾಲ್ಕು ಅಥವಾ ಎಂಟು ವರ್ಷ ಹೊಲದಲ್ಲೇ ದುಡಿದು ದಂಡ ಕಟ್ಟಿದರೆ ಗ್ರೀನ್ ಕಾರ್ಡ್. ಮಾಲೀಕನಿಗೆ ಅಂಟದ ವೀಸಾ ಪ್ರಯೋಗಕ್ಕೆಂದು 10,000 ಜನರಿಗೆ ಮಾತ್ರ. ಇಲ್ಲದ್ದಕ್ಕಿಂತ ಇದು ವಾಸಿ, ಆದರೆ ಸಾಲದು. ಆ ಸಂಖ್ಯೆಯ ಮಿತಿ ತೆಗೆಯಬೇಕು, ಓವರ್‌ಟೈಮ್ ಮತ್ತು ಸಂಘದ ಹಕ್ಕನ್ನು ಅದೇ ಮಸೂದೆಗೆ ಸೇರಿಸಬೇಕು, ಕೂಲಿಯ ದೂರು ಕೊಟ್ಟವನನ್ನು ವಲಸೆ ಅಧಿಕಾರಿಗಳು ಮುಟ್ಟುವಂತಿರಬಾರದು. ಇಲ್ಲವಾದರೆ 2025ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಮರಿಯೊ ಬಳಿ ನಡೆದಂಥ ದಾಳಿಗಳ ನಡುವೆ ದೂರು ಕೊಡಲು ಯಾರು ಮುಂದೆ ಬಂದಾರು? ಅಲ್ಲಿ ಹಸಿರುಮನೆಯ ಚಾವಣಿಯಿಂದ ಬಿದ್ದು ಒಬ್ಬ ಕೂಲಿಕಾರ ಸತ್ತ.

ಇದು ನಮ್ಮವರಿಗೆ ದೂರದ ಕಥೆಯೂ ಅಲ್ಲ. ಬರ್ಕ್ಲಿಯಲ್ಲಿ ಪಿಎಚ್.ಡಿ. ಮಾಡಿಯೂ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕಿಳಿದ ಪಂಜಾಬಿನ ದಲೀಪ್ ಸಿಂಗ್ ಸೌಂದ್, ಭಾರತೀಯರಿಗೆ ಪೌರತ್ವ ಕೊಡಿಸಿದ 1946ರ ಕಾಯ್ದೆಗಾಗಿ ಓಡಾಡಿದವರು. ಮುಂದೆ ಅಮೆರಿಕದ ಕಾಂಗ್ರೆಸ್‌ಗೂ ಆರಿಸಿಬಂದರು. ಅಲ್ಲಿ ನಮ್ಮವರು ನೆಲೆಯೂರಿರುವ ನೆಲ ಹೀಗೆ ಹದವಾದದ್ದು. ಆದ್ದರಿಂದ ಗ್ರೀನ್ ಕಾರ್ಡ್ ಸಾಲು ಬೇಗ ಕರಗಲಿ ಎಂದು ತಮ್ಮ ಸಂಸದರಿಗೆ ಪತ್ರ ಬರೆಯುವ ಅಮೆರಿಕದ ಕನ್ನಡಿಗರು ಅದೇ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಲಿ: ಎಚ್-2ಎ ವೀಸಾವನ್ನೂ ಮಾಲೀಕನ ಕೈಯಿಂದ ಬಿಡಿಸಿ.