ಅಪ್ರಾಪ್ತರ ಹೊಲಕ್ಕೆ ವಾರಸಾ ದಿನದಿಂದಲೇ ಕಾವಲಿರಲಿ

ನವಲಗುಂದ, ಅಣ್ಣಿಗೇರಿಯ ಎರಿಹೊಲದ ಊರುಗಳಲ್ಲಾಗಲಿ, ಕಲಘಟಗಿಯ ಭತ್ತದ ಸೀಮೆಯಲ್ಲಾಗಲಿ, ಯಜಮಾನ ಅಕಾಲದಲ್ಲಿ ತೀರಿಕೊಂಡ ಮನೆಯಲ್ಲಿ ದಿನಕರ್ಮ ಮುಗಿಯುವಷ್ಟರಲ್ಲಿ ಹೊಲದ ಮಾತು ಬರುತ್ತದೆ. ‘ಹುಡುಗ್ರು ದೊಡ್ಡವರಾಗೂತನಾ ನಾವ ನೋಡ್ಕೋತೀವಿ’ ಎನ್ನುತ್ತಾರೆ ಕಾಕಾ, ದೊಡ್ಡಪ್ಪಂದಿರು. ಎಷ್ಟೋ ಮನೆಗಳಲ್ಲಿ ಆ ಮಾತು ಉಳಿಯುತ್ತದೆ. ಉಳಿಯದ ಕಡೆ ಲಾವಣಿ ಹಣ ತಾಯಿಯ ಕೈಸೇರುವುದಿಲ್ಲ, ವಾರಸಾ ವರ್ದಿಯಲ್ಲಿ ಮಕ್ಕಳ ಹೆಸರೇ ಇರುವುದಿಲ್ಲ. ವರ್ಷಗಳ ಮೇಲೆ ಉತಾರ ತೆಗೆಸಿದಾಗ ಹೊಲ ಮೂರನೆಯವರ ಹೆಸರಿಗೆ ಹೋಗಿರುತ್ತದೆ.

ಕಾನೂನು ಈ ವಿಷಯದಲ್ಲಿ ಮಕ್ಕಳ ಪರವಾಗಿ ಗಟ್ಟಿಯಾಗಿಯೇ ನಿಂತಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ತೀರಿಕೊಂಡವನ ಪಾಲು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮನಾಗಿ ಸೇರುತ್ತದೆ. ಇವರಿರುವಾಗ ಅಣ್ಣತಮ್ಮಂದಿರಿಗೆ ಅದರಲ್ಲಿ ಹಕ್ಕಿಲ್ಲ. ತಾಯಿ ಮರುಮದುವೆಯಾದರೂ ಮಕ್ಕಳ ಪಾಲು ಕರಗುವುದಿಲ್ಲ.

1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನಂತೆ, ಅಪ್ರಾಪ್ತರ ಸ್ವಂತ ಸ್ಥಿರಾಸ್ತಿಯನ್ನು ಹೆತ್ತವರೇ ಮಾರಬೇಕೆಂದರೂ ನ್ಯಾಯಾಲಯದ ಪೂರ್ವಾನುಮತಿ ಬೇಕು. ಕಾಕಾ, ಅಕ್ಕ, ಅಜ್ಜ ಮೊದಲಾದವರು ‘ನಾವೇ ಸಾಕುತ್ತಿದ್ದೇವೆ’ ಎಂಬ ಕಾರಣಕ್ಕೆ ಆಸ್ತಿ ಮಾರುವಂತಿಲ್ಲ ಎನ್ನುತ್ತದೆ 11ನೇ ಕಲಮು. ಕರ್ನಾಟಕದಿಂದಲೇ ಹೋದ ಮಾದೇಗೌಡ ಪ್ರಕರಣದಲ್ಲಿ, ತಂಗಿಯ ಪಾಲನ್ನು ಅಕ್ಕ ಮಾರಿದ ಕ್ರಯ ಮೂಲದಲ್ಲೇ ಅನೂರ್ಜಿತ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು.

ಇನ್ನೊಂದು ಪ್ರಕರಣ ದಾವಣಗೆರೆಯ ಶಾಮನೂರಿನದು. ತಂದೆ 1971ರಲ್ಲಿ ಮೂವರು ಅಪ್ರಾಪ್ತ ಗಂಡುಮಕ್ಕಳ ಹೆಸರಿನಲ್ಲಿ ನಿವೇಶನ ಕೊಂಡು, ಮುಂದೆ ಅನುಮತಿಯಿಲ್ಲದೆ ಮಾರಿದ್ದರು. ಮಕ್ಕಳು ವಯಸ್ಸಿಗೆ ಬಂದ ಮೇಲೆ ಅದನ್ನೇ ಬೇರೊಬ್ಬರಿಗೆ ಮಾರಿದರು. ಅಪ್ಪನ ಕ್ರಯವನ್ನು ತಿರಸ್ಕರಿಸಲು ದಾವೆ ಹೂಡಲೇಬೇಕೆಂದಿಲ್ಲ, ಇಂಥ ಸ್ಪಷ್ಟ ನಡೆಯೂ ಸಾಕು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಆದರೆ ಅವಧಿಯ ಮಿತಿ ಹಾಗೆಯೇ ಇದೆ: 18 ತುಂಬಿದ ಮೇಲೆ ಮೂರು ವರ್ಷ. 21 ದಾಟಿದರೆ ಗೆಲ್ಲಬಹುದಾದ ಮೊಕದ್ದಮೆಯೂ ಕೈಜಾರಬಹುದು.

ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ತೊಡಕಿರುವುದು ವಾಟ್ನಿಯಾಗದ ಜಮೀನಿನಲ್ಲಿ. ಒಟ್ಟು ಕುಟುಂಬದ ಆಸ್ತಿಗೆ 8ನೇ ಕಲಮು ಅನ್ವಯಿಸದು. ಮನೆಯ ಕರ್ತ ಕುಟುಂಬದ ಅವಶ್ಯಕತೆಗಾಗಿ ಮಾರಬಹುದು. ಅಂಥ ಅವಶ್ಯಕತೆ ಇತ್ತೆಂದು ತೋರಿಸುವ ಹೊಣೆ ಮಾತ್ರ ಕೊಂಡವನದು. ಹೀಗಾಗಿ ಸಂಶಯ ಬಂದ ಕೂಡಲೇ ಮಗುವಿನ ಹೆಸರಿನಲ್ಲೇ ವಾಟ್ನಿ ದಾವೆ ಹೂಡಿ, ಪರಭಾರೆಗೆ ತಡೆಯಾಜ್ಞೆ ಕೇಳುವುದು ಸರಿಯಾದ ದಾರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಂತೆ ತಾಯಿಯಾಗಲಿ, ಸೋದರಮಾವನಾಗಲಿ ಮಗುವಿನ ಪರ ನಿಂತು ದಾವೆ ಹೂಡಬಹುದು. ನ್ಯಾಯಾಲಯದ ಒಪ್ಪಿಗೆಯಿಲ್ಲದೆ ಹಿರಿಯರು ಕೂಡಿ ಮಾಡಿಸಿದ ರಾಜಿಗೆ ಮಗು ಬದ್ಧವಲ್ಲ. ನ್ಯಾಯಾಲಯ ನೇಮಿಸಿದ ಪಾಲಕ ಹಣ ನುಂಗಿದರೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಲೆಕ್ಕ ಕೇಳಬಹುದು, ಅವನನ್ನು ತೆಗೆಸಬಹುದು. ಈ ಕಾಯ್ದೆ ಮುಸ್ಲಿಂ ಕುಟುಂಬಗಳಿಗೂ ಅನ್ವಯಿಸುತ್ತದೆ. ವಾರಸಾದಲ್ಲಿ ಹೆಸರು ಬಿಟ್ಟಿದ್ದರೆ ಮೊದಲು ತಹಶೀಲ್ದಾರರಲ್ಲಿ ತಕರಾರು, ಬಳಿಕ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ನಂಬಿಕೆ ದ್ರೋಹಕ್ಕೆ ಪೊಲೀಸ್ ದೂರಿನ ದಾರಿಯೂ ಇದೆ.

ಇಷ್ಟೆಲ್ಲ ಇದ್ದರೂ ಮಗು ಸೋಲುವುದೇಕೆಂದರೆ, ಹೊಲ ಕೈಬಿಡುವ ಹೊತ್ತಿನಲ್ಲಿ ಅದಕ್ಕೆ ದನಿಯಿರುವುದಿಲ್ಲ. ಗಂಡನ ಮನೆಯಲ್ಲೇ ಬಾಳಬೇಕಾದ ವಿಧವೆ ಮೈದುನನ ಮೇಲೆ ದಾವೆ ಹೂಡಲು ಹೆದರುತ್ತಾಳೆ. ವಕೀಲರ ಫೀಯ ಚಿಂತೆ ಬೇರೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ 15100ಕ್ಕೆ ಕರೆ ಮಾಡಿದರೆ ಸಾಕು ಎಂಬುದು ಅವಳಿಗೆ ತಿಳಿದಿರುವುದಿಲ್ಲ.

ಅವಳು ಬರಲಿ ಎಂದು ಕಾಯದೆ ವ್ಯವಸ್ಥೆಯೇ ಅವಳ ಮನೆಗೆ ಹೋಗಬೇಕು. ವಾರಸಾ ಅರ್ಜಿಯ ಜೊತೆ ವಂಶಾವಳಿ ಬರುತ್ತದೆ, ಅದರಲ್ಲಿ ಪ್ರತಿ ವಾರಸುದಾರರ ವಯಸ್ಸೂ ಇರುತ್ತದೆ. ಅಂದರೆ ಯಾವ ಮಗುವಿಗೆ ಎಷ್ಟು ಎಕರೆ ಬಂತೆಂಬುದು ಗ್ರಾಮ ಆಡಳಿತಾಧಿಕಾರಿಗೆ ಅಂದೇ ಗೊತ್ತಾಗುತ್ತದೆ. ವಂಶಾವಳಿಯಲ್ಲಿ 18ರೊಳಗಿನ ಹೆಸರು ಕಂಡಾಗೆಲ್ಲ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಮಾಹಿತಿ ಹೋಗಬೇಕು. ಸಮಿತಿಯ ಸ್ವಯಂಸೇವಕರು ತಾಯಿಯನ್ನು ಕಂಡು ಹಕ್ಕು ತಿಳಿಸಬೇಕು. ಅಪ್ರಾಪ್ತರ ಹೆಸರಿರುವ ಜಮೀನಿನ ಕ್ರಯ ಬಂದರೆ ಉಪನೋಂದಣಾಧಿಕಾರಿ ನ್ಯಾಯಾಲಯದ ಅನುಮತಿ ಕೇಳಬೇಕು, ಅವಶ್ಯಕತೆಯ ನೆಪ ಹೇಳುವ ಕರ್ತನಿಂದ ಪುರಾವೆ ಪಡೆಯಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಕಂದಾಯ ಇಲಾಖೆಯೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ಕೂಡಿ ಧಾರವಾಡ ಜಿಲ್ಲೆಯಿಂದಲೇ ಇದನ್ನು ಶುರುಮಾಡಲಿ.