ರಜೆಯಲ್ಲಿ ನೀರು ಹಾಕೋರು ಯಾರು?

ಹೈದರಾಬಾದಿನ ಆಫೀಸಿನಲ್ಲಿ ನನ್ನ ಪಕ್ಕ ಕೂಡೋ ಗೆಳತಿ ಹೊನ್ನಾವರದವಳು. ಅವರ ಕಡೆ ಹೊಳೆ ಸಮುದ್ರ ಸೇರೋ ಕೆಸರಿನಲ್ಲಿ ಕಾಂಡ್ಲಾ ನೆಡಲಿಕ್ಕೆ ಶಾಲೆ ಮಕ್ಕಳನ್ನೂ ಕರ್ಕೊಂಡು ಹೋಗ್ತಾರಂತೆ. ಬೀಜ ಮರದ ಮೇಲೇ ಮೊಳೆತು ಕೋಡಿನ ಹಾಗೆ ಜೋತಾಡ್ತದೆ, ಅದನ್ನೇ ಚುಚ್ಚಿದರಾಯಿತು. ಉಬ್ಬರ ಬರ್ತದೆ, ಇಳಿತದೆ. "ನೀವೂ ಮಾಡ್ರಿ" ಅಂದಳು. ನಮ್ಮ ಬೀದರಿಗೆ ಸಮುದ್ರ ಎಲ್ಲಿಂದ ತರೋದು?

ಆದರೂ ಹುರುಪು ಬಂತು. ಔರಾದ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಅಕ್ಕ ಟೀಚರ್. ಜೂನ್ ತಿಂಗಳಲ್ಲಿ ನರ್ಸರಿಯಿಂದ 60 ಸಸಿ ಒಯ್ದೆ. ಗುಲ್‌ಮೊಹರ್, ಅಶೋಕ, ಬದಾಮಿ. ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದೆ. ಮುಂದಿನ ಜೂನ್‌ಗೆ ಹೋದರೆ ಉಳಿದದ್ದು ಮೂರು!

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆತನಕ ಶಾಲೆಗೆ ಬೀಗ. ಬಿಸಿಲು 40 ಡಿಗ್ರಿ ದಾಟಿರ್ತದೆ. ಬೇಲಿ ಸಂದಿಯಿಂದ ಆಡು ಬೇರೆ. ನಾನು ಇದ್ಯಾವುದನ್ನೂ ಯೋಚನೆ ಮಾಡಿರಲಿಲ್ಲ. ಅಡುಗೆ ಮಾಡೋ ಅಕ್ಕ ನನ್ನ ಮುಖ ನೋಡಿ ನಕ್ಕಳು. "ತಂಗೀ, ನೀ ತಂದಿದ್ದು ನೋಡ್ಲಿಕ್ಕೆ ಛಂದ. ನನ್ನ ಸಾರಿಗೆ ಏನ್ ಹಾಕ್ಲಿ? ಕೈ ತೊಳೆದ ನೀರು ದಿನಾ ರೋಡಿಗೆ ಹರೀತದ, ಅದನ್ನ ಯಾರೂ ನೋಡಂಗಿಲ್ಲ."

ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದದ್ದೇ 2002ರಲ್ಲಿ, ನಮ್ಮ ಬೀದರ್ ಸೇರಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಇಷ್ಟು ವರ್ಷದ ಅಕ್ಕಿ ತೊಳೆದ ನೀರು, ತಟ್ಟೆ ತೊಳೆದ ನೀರು ಎಲ್ಲಿಗೆ ಹೋಯಿತು? ನೀರಿನ ವಿಷಯದಲ್ಲಿ ನಾವು ದಡ್ಡರೇನಲ್ಲ. 15ನೇ ಶತಮಾನದಲ್ಲೇ ಬಹಮನಿಗಳು ನೌಬಾದಿನಲ್ಲಿ ಕೆಂಪು ಕಲ್ಲು ಕೊರೆದು ನೆಲದೊಳಗೆ ಕಾಲುವೆ ಹರಿಸಿದ ಊರು ಇದು. ಆ ಸುರಂಗ ಬಾವಿ ಈಗಲೂ ಇದೆ, ಮುಂದಿನ ಸಲ ಊರಿಗೆ ಬಂದಾಗ ಕೋಟೆ ಜೊತೆ ಅದನ್ನೂ ನೋಡಿ.

ಆ ಮಳೆಗಾಲ ಅಡುಗೆ ಅಕ್ಕನೇ ಯಜಮಾನಿ. ನಳದಿಂದ ಗೇಣಗಲ ಕಾಲುವೆ ತೋಡಿದೆವು. ತೋಳಿನಷ್ಟು ದಪ್ಪನೆ ನುಗ್ಗೆ ಕೊಂಬೆ ಕಡಿದು ನೆಟ್ಟೆವು. ಸಸಿ ಕೊಳ್ಳೋದೇ ಬೇಕಿಲ್ಲ. ಕರಿಬೇವು, ಲಿಂಬೆ ಸೇರಿ ಒಟ್ಟು ಒಂಬತ್ತು ಗಿಡ, ಅಷ್ಟೇ. ನಡುವೆ ಪುಂಡಿ, ಮೆಂತೆ, ರಾಜಗಿರಿ. ಸೊಪ್ಪು ರಜೆಯೊಳಗೆ ಮುಗೀತದೆ, ಬೇಸಿಗೆಯಲ್ಲಿ ಅದರ ಕಾಟ ಇಲ್ಲ. ಗಿಡಗಳ ಬುಡದಲ್ಲಿ ಹಳೆ ಮಣ್ಣಿನ ಗಡಿಗೆ ಹೂಳಿದೆವು. ತಳಕ್ಕೆ ಸಣ್ಣ ತೂತು, ತೂತಿಗೆ ಅರಿವೆ ಬತ್ತಿ. ಒಮ್ಮೆ ತುಂಬಿಸಿದರೆ ಎರಡು ಮೂರು ದಿನ ಜಿನುಗ್ತದೆ. ಶಾಲೆ ಹಿಂದಿನ ಮನೆ ಹುಡುಗರಿಗೆ ಒಂದೊಂದು ಗಡಿಗೆ ಹಂಚಿದಳು ಅಕ್ಕ. ರಜೆ ಮುಗಿದಾಗ ಒಂಬತ್ತರಲ್ಲಿ ಏಳು ಹಸಿರಿದ್ದವು. ಲಿಂಬೆ ಎರಡೂ ಹೋದವು, ಆಡು ಮತ್ತೆ ಗೆದ್ದಿತ್ತು.

ಇಷ್ಟೆಲ್ಲ ಬುದ್ಧಿವಂತಿಕೆ ಕಲಿತು ಭಾಲ್ಕಿಯ ಮನೆಗೆ ಬಂದರೆ ನನಗೇ ನಾಚಿಕೆ. ಅವ್ವನ ಹಿತ್ತಲಲ್ಲಿ ಮೊದಲು ಅವರೆ ಬಳ್ಳಿ, ಹೀರೆ, ಬಾಗಿಲ ಮುಂದೊಂದು ನುಗ್ಗೆ ಇದ್ದವು. ಮೊದಲ ವರ್ಷದ ಸಂಬಳದಲ್ಲಿ ಎಲ್ಲ ತೆಗೆಸಿ ಶಹಾಬಾದಿ ಫರ್ಸಿ ಹಾಕಿಸಿದವಳು ನಾನೇ. ಕೆಸರು ಬೇಡ, ಅವ್ವ ಜಾರಿ ಬೀಳ್ತಾಳೆ ಅಂತ. ಅವಳೂ ಏನೂ ಅಂದಿರಲಿಲ್ಲ. ಎಳ್ಳ ಅಮಾವಾಸ್ಯೆಗೆ ಭಜ್ಜಿ ಮಾಡುವಾಗ ಮಾತ್ರ ಚೀಲ ಸುರುವುತ್ತ, "ಹಿಡಿ ಅವರೆಕಾಯಿ ಸುದ್ಧಾ ಸಂತ್ಯಾಗಿಂದ ತರೂದಾತು ನೋಡು" ಅಂದಿದ್ದಳು. ಆಗ ನನಗೆ ತಟ್ಟಿರಲಿಲ್ಲ.

ಗೌಂಡಿ ಕರೆಸಿ ಗೋಡೆ ಬದಿಯ ನಾಲ್ಕು ಫರ್ಸಿ ಎಬ್ಬಿಸಿದೆ. ಕೆಳಗಿನ ಮಣ್ಣು ಇಟ್ಟಿಗೆಯಂತಾಗಿತ್ತು. ಸಗಣಿ ಗೊಬ್ಬರ ಹಾಕಿ, ಔರಾದಿನಿಂದಲೇ ಒಂದು ನುಗ್ಗೆ ಕೊಂಬೆ ತಂದು ನೆಟ್ಟೆ. ಅವರೆ ಬೀಜ ಅವ್ವ ತಾನೇ ಊರಿದಳು, ನನ್ನ ಕೈಗೆ ಕೊಡಲಿಲ್ಲ.

ಈ ಸಲದ ಭಜ್ಜಿಗೆ ಮನೆಯದೇ ಅವರೆ ಬಿತ್ತು, ಒಂದು ಹಿಡಿ. ಕಡಲೆ, ಬಟಾಣಿ, ಗಜ್ಜರಿ ಎಲ್ಲ ಸಂತೆಯವೇ. ಮೊನ್ನೆ ಅವ್ವ ಫೋನ್ ಮಾಡಿದ್ದಳು, ಮುಂದಿನ ವಾರ ಬರುವಾಗ ಗೌಂಡಿಗೆ ಹೇಳಿ ಬಾ, ಇನ್ನೆರಡು ಫರ್ಸಿ ಎಬ್ಬಿಸೋದದ ಅಂತ.