ಎರಡು ಬೆಟ್ಟಗಳ ನಡುವಿನ ಸೂರ್ಯ ಮಾನ್ವಿಯಲ್ಲಿ ಎಲ್ಲಿ ಹುಟ್ಟುತ್ತಾನೆ?

ಮಕ್ಕಳೇ, ಒಂದು ಬಿಳಿ ಹಾಳೆ ಕೊಟ್ಟು "ನಿಮ್ಮ ಊರಿನ ಚಿತ್ರ ಬರೆಯಿರಿ" ಎಂದರೆ ನೀವು ಏನು ಬರೆಯುತ್ತೀರಿ? ನಾನು ಹೇಳಲೇ? ತ್ರಿಕೋನದ ಹಾಗೆ ಎರಡು ಬೆಟ್ಟ. ನಡುವೆ ಅರ್ಧ ಸೂರ್ಯ. ಅಲ್ಲಿಂದ ಹಾವಿನಂತೆ ಇಳಿದು ಬರುವ ನೀಲಿ ಹೊಳೆ. ದಡದಲ್ಲಿ ಒಂದು ಹೆಂಚಿನ ಮನೆ, ಅದರ ಪಕ್ಕ ಒಂದು ತೆಂಗಿನ ಮರ. ಆಕಾಶದಲ್ಲಿ ಮೇಷ್ಟ್ರು ಹಾಕುವ ಟಿಕ್ ಗುರುತಿನಂಥ ನಾಲ್ಕು ಹಕ್ಕಿಗಳು. ಸರಿ ತಾನೆ?

ನಾನೂ ನಿಮ್ಮ ವಯಸ್ಸಿನಲ್ಲಿ ಇದನ್ನೇ ಬರೆದವನು. ಶಭಾಸ್ ಎನ್ನಿಸಿಕೊಂಡವನು. ಆದರೆ ಈಗ ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ. ಈ ಊರು ಮಾನ್ವಿ ತಾಲ್ಲೂಕಿನಲ್ಲಿ ಎಲ್ಲಿದೆ? ನಮ್ಮ ಕಡೆಯ ಬೆಟ್ಟಗಳು ತ್ರಿಕೋನವಲ್ಲ. ಗುಂಡುಗಲ್ಲುಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಇವೆ. ನಮ್ಮ ಹಳೆಯ ಮನೆಗಳಿಗೆ ಹೆಂಚಿಲ್ಲ, ಮಟ್ಟಸವಾದ ಮಾಳಿಗೆ ಇದೆ. ತೆಂಗಿಗಿಂತ ಬೇವು, ಜಾಲಿ ಹೆಚ್ಚು. ಮಳೆಗಾಲದ ತುಂಗಭದ್ರೆ ನೀಲಿಯಾಗಿ ಹರಿದದ್ದನ್ನು ಯಾರಾದರೂ ನೋಡಿದ್ದೀರಾ? ಅದು ಚಹಾದ ಬಣ್ಣ!

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಚಿತ್ರ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಮೇಜಿನ ತುಂಬ ಬೆಟ್ಟ ಮತ್ತು ಸೂರ್ಯ. ನಡುವೆ ಒಂದು ಹಾಳೆ ಮಾತ್ರ ಬೇರೆಯಾಗಿತ್ತು. ಅದರಲ್ಲಿ ಒಣಗಿದ ಕಾಲುವೆ, ಕಾಲುವೆಯ ತಳದಲ್ಲಿ ಬಿರುಕು, ದಂಡೆಯ ಮೇಲೆ ಒಂದು ಖಾಲಿ ಕೊಡ. ಬಣ್ಣವೆಂದರೆ ಇದ್ದಿಲು ಮತ್ತು ಮಣ್ಣು, ಅಷ್ಟೇ. "ಮಂಕಾಗಿದೆ, ಬಹುಮಾನಕ್ಕೆ ಬೇಡ" ಎಂದು ಅದನ್ನು ಬದಿಗಿಟ್ಟೆವು. ಇಟ್ಟವರಲ್ಲಿ ನಾನೂ ಒಬ್ಬ. ಸಂಜೆ ಊರಿಗೆ ಮರಳುವಾಗ ಬಸ್ಸಿನ ಕಿಟಕಿಯಿಂದ ಅದೇ ಕಾಲುವೆ ಕಂಡಿತು. ಬಿರುಕುಗಳು ಆ ಹುಡುಗಿ ಬರೆದ ಹಾಗೆಯೇ ಇದ್ದವು. ಅಷ್ಟು ಮಕ್ಕಳಲ್ಲಿ ಕಣ್ಣಿಟ್ಟು ನೋಡಿ ಬರೆದವಳು ಅವಳೊಬ್ಬಳೇ. ಬಹುಮಾನ ಮಾತ್ರ ನೋಡದೆ ಬರೆದವರಿಗೆ ಹೋಗಿತ್ತು.

ಅಂದಿನಿಂದ ನನ್ನ ಅಭಿಪ್ರಾಯ ಬದಲಾಯಿತು. ಚಿತ್ರ ಬರೆಯುವುದು ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಹೊತ್ತು ಕಳೆಯುವ ಕೆಲಸವಲ್ಲ. ಅದು ವಿಜ್ಞಾನದ ಕೆಲಸ. ಒಂದೇ ಜಾಗದಲ್ಲಿ ನಿಂತು, ಅದೇ ನೋಟವನ್ನು ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಬರೆಯಿರಿ. ಪುಸ್ತಕ ಹೇಳದ ಎಷ್ಟೋ ಸಂಗತಿ ನಿಮಗೆ ಸಿಗುತ್ತದೆ.

ಆ ಸೂರ್ಯನಿಂದಲೇ ಶುರು ಮಾಡೋಣ. ಡಿಸೆಂಬರ್ 22ರ ಸುಮಾರಿಗೆ ಬೆಳಗ್ಗೆ ಮಾಳಿಗೆ ಹತ್ತಿ. ಪೂರ್ವ ದಿಕ್ಕಿನ ಅಂಚನ್ನು ಬರೆಯಿರಿ. ಅಲ್ಲಿ ಬೇವಿನ ಮರವಿರಬಹುದು, ಗುಡಿಯ ಗೋಪುರವಿರಬಹುದು, ಮಸೀದಿಯ ಮಿನಾರು, ನೀರಿನ ಟ್ಯಾಂಕು ಇರಬಹುದು. ಸೂರ್ಯ ಹುಟ್ಟಿದ ಜಾಗಕ್ಕೆ ಒಂದು ಗುರುತು ಹಾಕಿ. (ಅಂಚಿನಲ್ಲಿ ಬೆಳಕು ಮೂಡಿದ ಕೂಡಲೇ ಗುರುತು ಹಾಕಿ ಕಣ್ಣು ತಿರುಗಿಸಿಕೊಳ್ಳಿ. ಸೂರ್ಯನನ್ನು ದಿಟ್ಟಿಸಬಾರದು.) ಮಾರ್ಚ್ 21ಕ್ಕೆ ಅದೇ ಜಾಗದಲ್ಲಿ ನಿಂತು ಮತ್ತೊಂದು ಗುರುತು. ಜೂನ್ 21ಕ್ಕೆ ಇನ್ನೊಂದು. ಆ ದಿನ ಮೋಡ ಕಾಟ ಕೊಟ್ಟರೆ ಎಂಬ ಯೋಚನೆಯಿದ್ದರೆ ಮೇ ತಿಂಗಳ ಕೊನೆಯಲ್ಲೇ ಒಂದು ಹಾಕಿಟ್ಟುಕೊಳ್ಳಿ. ಮೂರೂ ಗುರುತು ಒಂದೇ ಕಡೆ ಬರುವುದಿಲ್ಲ! ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮಾನ್ವಿ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರಿನ ಸೂರ್ಯನಿಗೂ ಜೂನಿನ ಸೂರ್ಯನಿಗೂ ನಡುವೆ ಐದು ಮುಷ್ಟಿಯಷ್ಟು ಅಂತರವಿರುತ್ತದೆ. ಭೂಮಿಯ ಅಕ್ಷ ವಾಲಿರುವುದನ್ನು ಪುಸ್ತಕದಲ್ಲಿ ಓದಿದ್ದೀರಿ. ಅದರ ಪರಿಣಾಮ ನಿಮ್ಮ ಹಾಳೆಯ ಮೇಲೇ ಇರುತ್ತದೆ. ಇನ್ನೂ ಒಂದು ಮೋಜು. ಮೇ 4-5 ಹಾಗೂ ಆಗಸ್ಟ್ 8ರ ಆಸುಪಾಸು, ಮಧ್ಯಾಹ್ನ 12 ಗಂಟೆ 20 ನಿಮಿಷ ದಾಟುವ ಹೊತ್ತಿಗೆ ಧ್ವಜದ ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿಬಿಡುತ್ತದೆ. ಎರಡು ಬೆಟ್ಟಗಳ ನಡುವೆ ವರ್ಷವಿಡೀ ಕೂತ ಸೂರ್ಯನಿಗೆ ಇದೊಂದೂ ಗೊತ್ತಿಲ್ಲ.

ನೆಲವನ್ನೂ ಹೀಗೇ ಬರೆಯಿರಿ. ಏಪ್ರಿಲ್‌ನಲ್ಲಿ ಎರೆ ಹೊಲಕ್ಕೆ ಹೋದರೆ ಕೈ ಇಳಿಯುವಷ್ಟು ಬಿರುಕು. ಪಕ್ಕದ ಮಸಾರಿ ಹೊಲದಲ್ಲಿ ಅಂಥ ಬಿರುಕು ಕಾಣುವುದಿಲ್ಲ. ಏಕೆ? ಎರೆಮಣ್ಣಿನ ಜೇಡಿಕಣಗಳು ನೀರು ಹೀರಿ ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಬಿರುಕುಗಳ ಜಾಲವನ್ನು ಒಮ್ಮೆ ಪೆನ್ಸಿಲ್‌ನಿಂದ ಹಿಂಬಾಲಿಸಿ. ಅವು ಒಂದನ್ನೊಂದು ಹೇಗೆ ಸೇರುತ್ತವೆ, ನಡುವೆ ಉಳಿದ ಹೆಂಟೆಗೆ ಎಷ್ಟು ಮೂಲೆ ಎಂದು ಎಣಿಸಿ. ಮಳೆಯಾದ ಮೇಲೆ ಅದೇ ಜಾಗಕ್ಕೆ ಹೋಗಿ ನೋಡಿ.

ಹತ್ತಿ ಹೂವಿನ ಬಣ್ಣ ಯಾವುದು? ನಮ್ಮ ಜಿಲ್ಲೆಯಲ್ಲಿ ಹತ್ತಿ ಬೆಳೆಯುವವರ ಮಕ್ಕಳಿಗೇ ನಾನು ಈ ಪ್ರಶ್ನೆ ಕೇಳಿದ್ದೇನೆ. ಅರ್ಧ ಮಂದಿ ಬಿಳಿ ಎಂದರು, ಅರ್ಧ ಮಂದಿ ಗುಲಾಬಿ ಎಂದರು. ಇಬ್ಬರೂ ಸರಿ. ಅರಳಿದ ದಿನ ಕೆನೆ ಬಣ್ಣದ ಹೂವು ಮರುದಿನ ಗುಲಾಬಿಯಾಗುತ್ತದೆ. ಒಂದೇ ಗಿಡದಲ್ಲಿ ಎರಡೂ ಇರುತ್ತವೆ. ಎರಡು ದಿನ ಕೂತು ಬರೆದವರಿಗೆ ಮಾತ್ರ ಇದು ಗೊತ್ತಾಗುತ್ತದೆ. ಬೇವೂ ಹಾಗೆಯೇ. ಚಿಗುರು ತಾಮ್ರದ ಬಣ್ಣ, ಯುಗಾದಿಗೆ ಬಿಳಿ ಹೂವು, ಮುಂಗಾರು ಬಂದಾಗ ಹಳದಿ ಹಣ್ಣು. ಮರವೆಂದರೆ ಹಸಿರು ಬಣ್ಣ ಬಳಿಯುವುದು ಎಂದು ಯಾರು ಹೇಳಿದರೋ! ಮರಗಳು ಯಾವಾಗ ಚಿಗುರಿದವು, ಯಾವಾಗ ಹೂಬಿಟ್ಟವು ಎಂದು ಶಾಲಾ ಮಕ್ಕಳೇ ನೋಡಿ ದಾಖಲಿಸುವ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮ ನಮ್ಮ ದೇಶದಲ್ಲಿ 2010ರಲ್ಲಿ ಆರಂಭವಾಯಿತು. ವಿಜ್ಞಾನಿಗಳಿಗೆ ಅಂಥ ಮಾಹಿತಿ ಬೇಕು.

"ಕಣ್ಣಿದ್ದರೆ ಸಾಕಲ್ಲ, ಚಿತ್ರ ಏಕೆ ಬರೆಯಬೇಕು?" ಎಂದು ಕೇಳಬಹುದು. ಒಂದು ಕಥೆ ಕೇಳಿ. 1609ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಿಂದ ಚಂದ್ರನನ್ನು ನೋಡಿ ಚಿತ್ರ ಬರೆದ. ಅಂಕುಡೊಂಕಾದ ಒಂದು ಗೆರೆ, ಕೆಲವು ಕಲೆಗಳು, ಅಷ್ಟೇ. ಕೆಲವು ತಿಂಗಳ ಬಳಿಕ ಇಟಲಿಯ ಗೆಲಿಲಿಯೋ ಅದೇ ಚಂದ್ರನನ್ನು ನೋಡಿದ. ಅವನಿಗೆ ಚಿತ್ರಕಲೆಯ ಪರಿಚಯ ಚೆನ್ನಾಗಿತ್ತು. ಬೆಳಕು ನೆರಳು ಬಿದ್ದ ಬಗೆ ನೋಡಿಯೇ ಇವು ಬೆಟ್ಟಗಳು, ಇವು ತಗ್ಗುಗಳು ಎಂದು ಗುರುತಿಸಿ ಬರೆದ. 1610ರಲ್ಲಿ ಅವನ ಪುಸ್ತಕ ಬಂತು. ಆಮೇಲೆ ಹ್ಯಾರಿಯಟ್ ಬರೆದ ಚಿತ್ರಗಳಲ್ಲೂ ಕುಳಿಗಳು ಕಾಣಿಸಿಕೊಂಡವು! ಚಂದ್ರ ಬದಲಾಗಿರಲಿಲ್ಲ.

ಮೋನೆ ಎಂಬ ಫ್ರೆಂಚ್ ಚಿತ್ರಕಾರನಂತೂ ತನ್ನ ಮನೆಯ ಹತ್ತಿರದ ಹೊಲದ ಬಣವೆಗಳನ್ನೇ 1890-91ರಲ್ಲಿ ಸುಮಾರು 25 ಸಲ ಬರೆದ. ಬೇಸಿಗೆಯಲ್ಲಿ, ಮಂಜು ಬಿದ್ದಾಗ, ಬೆಳಗ್ಗೆ, ಸಂಜೆ. ಬರೀ ಬಣವೆ! ಅವನ ನೆರಳುಗಳು ಕಪ್ಪಾಗಿಲ್ಲ, ನೀಲಿಯಾಗಿವೆ. ನಿಮ್ಮ ಹಿತ್ತಲಲ್ಲೂ ಬಣವೆ ಇದೆಯಲ್ಲ? ಅದರ ನೆರಳು ಯಾವ ಬಣ್ಣವೆಂದು ನೋಡಿ ನನಗೂ ಹೇಳಿ. ನಮ್ಮ ರಾಜ್ಯದಲ್ಲಿ ಹೀಗೆ ಬಯಲಲ್ಲಿ ಕೂತು ಬರೆದವರಲ್ಲಿ ರುಮಾಲೆ ಚೆನ್ನಬಸವಯ್ಯನವರು (1910-1988) ದೊಡ್ಡವರು. ಸ್ವಾತಂತ್ರ್ಯ ಹೋರಾಟಗಾರರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರು ಎಷ್ಟು ಪ್ರೀತಿಯಿಂದ ಬರೆದರೆಂದರೆ, ಆ ಊರು ಅಂದು ಹೇಗಿತ್ತೆಂದು ಇಂದು ಅವರ ಚಿತ್ರ ನೋಡಿ ತಿಳಿಯಬಹುದು.

ಅಷ್ಟು ದೂರ ಏಕೆ? ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ಡುಬ್ಬದ, ಉದ್ದ ಕೊಂಬಿನ ದನಗಳ ಚಿತ್ರಗಳಿವೆ. ಕೆಲವನ್ನು ಬಣ್ಣದಲ್ಲಿ ಬರೆದಿದ್ದಾರೆ, ಕೆಲವನ್ನು ಕಲ್ಲಿನಿಂದ ಕುಟ್ಟಿ ಮೂಡಿಸಿದ್ದಾರೆ. ಅಲ್ಲಿ ಉತ್ಖನನ ನಡೆಸಿದ ಪುರಾತತ್ವಜ್ಞ ಆಲ್ಚಿನ್ 1960ರಲ್ಲಿ ಆ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ನವಶಿಲಾಯುಗದ ಜನ ಇಲ್ಲಿ ದನ ಸಾಕಿದ್ದರು. ಅವರು ಕಣ್ಣೆದುರಿನ ದನವನ್ನೇ ಬರೆದದ್ದರಿಂದ ಅದರ ಕೊಂಬು ಹೇಗಿತ್ತು, ಡುಬ್ಬ ಇತ್ತೇ ಎಂಬುದು ನಮಗೆ ತಿಳಿಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ನೀವು ಮಾಡುವ ಎತ್ತಿಗೂ ಡುಬ್ಬ ಇರುತ್ತದಲ್ಲವೇ?

"ಸರ್, ನಮ್ಮಲ್ಲಿ ಬಣ್ಣದ ಡಬ್ಬಿ ಇಲ್ಲ" ಎನ್ನುತ್ತೀರಿ. ಬೇಡ. ಒಲೆಯ ಇದ್ದಿಲು ಕಪ್ಪು. ಎರೆಮಣ್ಣು, ಕೆಮ್ಮಣ್ಣು ಇದ್ದೇ ಇವೆ. ಅರಿಶಿನ ಹಳದಿ. ಅದಕ್ಕೆ ಒಂದು ಹನಿ ಸುಣ್ಣದ ತಿಳಿ ಸೇರಿಸಿದರೆ ಕೆಂಪು (ಸುಣ್ಣದ ಕೈ ಕಣ್ಣಿಗೆ ತಾಗದಿರಲಿ). ಅರಿಶಿನ ಬಿಸಿಲಿಗೆ ಮಾಸಿಹೋಗುತ್ತದೆ. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಅದು ಮಾಸುವುದಿಲ್ಲ. ಬೇಕಿದ್ದರೆ ಎರಡನ್ನೂ ಒಂದೇ ಹಾಳೆಗೆ ಬಳಿದು ಒಂದು ತಿಂಗಳು ಬಿಸಿಲಲ್ಲಿಟ್ಟು ಪರೀಕ್ಷಿಸಿ.

"ಫೋನಿನಲ್ಲಿ ಫೋಟೊ ತೆಗೆದರಾಯಿತು" ಎನ್ನುವ ಮಾತೂ ಇದೆ. ತೆಗೆಯಿರಿ, ಬೇಡವೆನ್ನುವುದಿಲ್ಲ. ಫೋಟೊ ಸುಳ್ಳು ಹೇಳುವುದು ಕಡಿಮೆ. ಆದರೆ ಒಂದು ಕ್ಷಣದಲ್ಲಿ ಫೋಟೊ ತೆಗೆದವನು ಒಂದು ಕ್ಷಣ ಮಾತ್ರ ನೋಡಿರುತ್ತಾನೆ. ಬರೆಯುವವನು ಅರ್ಧ ಗಂಟೆ ನೋಡಲೇಬೇಕು. ಆ ಅರ್ಧ ಗಂಟೆಯಲ್ಲಿ ಕೊಕ್ಕರೆ ಬಂದು ಕೂರುತ್ತದೆ, ಇರುವೆ ಸಾಲು ದಿಕ್ಕು ಬದಲಿಸುತ್ತದೆ, ನೆರಳು ಸರಿಯುತ್ತದೆ.

ಕೊನೆಗೆ ಆ ಒಣ ಕಾಲುವೆಯ ಚಿತ್ರಕ್ಕೇ ಬರುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ತಾಲ್ಲೂಕಿನ ಭತ್ತದ ಹೊಲಗಳ ಜೀವ. ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟಲಿಲ್ಲ ಎಂದು ನಿಮ್ಮ ಮನೆಯಲ್ಲಿ ದೊಡ್ಡವರು ಮಾತಾಡುವುದನ್ನು ಕೇಳಿರುತ್ತೀರಿ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳಲ್ಲಿ ಬರ ಘೋಷಣೆಯಾಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಗಿ ಅಪಾರ ನೀರು ನದಿಗೆ ಹರಿಯಿತು. ಆ ಎರಡು ವರ್ಷ ನಿಮ್ಮ ಊರಿನ ಕಾಲುವೆಯಲ್ಲಿ ನೀರು ಯಾವ ಕಲ್ಲಿನವರೆಗೆ ಬಂದಿತ್ತು, ಯಾವ ತಿಂಗಳು ನಿಂತಿತು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿಂಗಳಿಗೊಂದು ಚಿತ್ರವಿದ್ದಿದ್ದರೆ ತೋರಿಸಬಹುದಿತ್ತು.

ಆ ಹುಡುಗಿಯ ಹಾಳೆಯಲ್ಲಿ ಇದ್ದ ಕೊರತೆ ಒಂದೇ. ಅದು ಯಾವ ದಿನದ ಕಾಲುವೆ ಎಂದು ಅವಳು ಬರೆದಿರಲಿಲ್ಲ. ನೀವು ಬರೆಯುವಾಗ ಕೆಳಗಿನ ಮೂಲೆಯಲ್ಲಿ ಮೊದಲು ದಿನಾಂಕ, ಹೊತ್ತು, ನಿಂತ ಜಾಗ ಹಾಕಿ. ಹೆಸರು ಆಮೇಲೆ.